ಪಾತಾಳದ ಗುಡಿಯಲ್ಲಿ ಹಾಲಿಯ ಹೆಸರು

ನಮ್ಮ ಹಟ್ಟಿಯಲ್ಲಿ ಯಾರು ಸತ್ತರೂ ಪಾಪ ಹೇಳುವವನು ಮಲ್ಲಣ್ಣ. ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಚಹಾ ಗಿಡ, ಸಾವಿನ ಮನೆ, ಇವೆರಡೇ ಅವನ ಕೆಲಸ. ಹೆಣದ ಮುಂದೆ ನಿಂತು, ಸತ್ತವರ ಹೆಸರು ಹಿಡಿದು, ಬೇಲಿ ಸರಿಸಿದ್ದು, ಹಾವು ಹೊಡೆದದ್ದು, ಹಸಿದವರನ್ನು ಅಟ್ಟಿದ್ದು ಎಲ್ಲ ಹೇಳುತ್ತಾನೆ. ಒಂದೊಂದಕ್ಕೂ ನಾವು 'ಪಾಪ' ಅನ್ನುತ್ತೇವೆ. ಕೊನೆಗೆ ಅವನೇ ಅಷ್ಟನ್ನೂ ಕಳೆದು, ಜೀವವನ್ನು ಆ ಲೋಕದ ನೂಲಿನ ಸೇತುವೆ ದಾಟಿಸುತ್ತಾನೆ. ಸಾವಿಲ್ಲದೆ ಅದನ್ನು ಬಾಯಿಗೆ ತರಬಾರದು.

ಸಾವಿಲ್ಲದೆಯೂ ಬಾಯಿಗೆ ತರಿಸಿದವಳು ಅವನ ಮೊಮ್ಮಗಳು ರಂಜಿತಾ. ಅವಳಿಗೆ ಕೊಯಮತ್ತೂರಿನ ಗೇಮ್ ಕಂಪನಿಯೊಂದರಲ್ಲಿ ಶಬ್ದ ಕೂಡಿಸುವ ಕೆಲಸ.

"ಹೆತ್ತಪ್ಪಾ, ನಿನ್ನ ನಂತರ ಹೇಳೋರು ಯಾರಿದ್ದಾರೆ? ಫೋನಿಗೆ ಹೇಳು, ಕಾಪಾಡಿ ಇಡ್ತೀನಿ. ಹೊರಗೆ ಯಾರಿಗೂ ಕೇಳಿಸಲ್ಲ" ಎಂದು ಅಜ್ಜನನ್ನು ಪುಸಲಾಯಿಸಿದಳು.

ತಾನು ಸತ್ತಾಗ ಹೇಳುವವರಿಲ್ಲ ಅನ್ನುವುದೇ ಮುದುಕನ ಚಿಂತೆ. ಒಪ್ಪಿದ. ಆದರೆ ಹೆಸರಿಲ್ಲದೆ ಪಾಪ ಹೇಳಲು ನಾಲಿಗೆ ಏಳಲಿಲ್ಲ. ಬದುಕಿರುವವರ ಹೆಸರು ಹಿಡಿಯುವಂತಿಲ್ಲ. ತೀರಿಹೋದ ಹೆಂಡತಿ ಹಾಲಿಯ ಹೆಸರನ್ನೇ ಹಿಡಿದ.

ನಾನು ಗಣೇಶ್, ಹಟ್ಟಿಯ ಶೆಡ್ಡಿನಲ್ಲಿ ಚಹಾ ಎಲೆ ತೂಗುವವನು. ಲಾರಿ ಬರುವತನಕ ಫೋನಿನಲ್ಲಿ ಆಡುವುದು ನನ್ನ ಚಟ. ಮೊನ್ನೆ ಹೊಸ ಗೇಮಿನಲ್ಲಿ ಕತ್ತಿ ಹಿಡಿದು ಮೆಟ್ಟಿಲಿಳಿದೆ. ನೆಲದಡಿಯ ಗುಡಿ, ಕಲ್ಲಿನ ಹೆಡೆ, ಸುತ್ತ ಮುಸುಕು ಹಾಕಿದ ನಾಗಪಂಥದವರು. ಅವರ ಮಂತ್ರ ಕೇಳಿ ನನ್ನ ಕೈ ನಿಂತಿತು. ಮಲ್ಲಣ್ಣನ ದನಿ! ಎಲೆ ಚೀಲ ಇಳಿಸುತ್ತಿದ್ದ ಮಲ್ಲಣ್ಣನೂ ತಿರುಗಿದ. ಹಾಲಿ ಹಾವು ಹೊಡೆದಳು, ಪಾಪ. ಹಾಲಿ ಹಸಿದವರನ್ನು ಅಟ್ಟಿದಳು, ಪಾಪ. ಮುಗಿದೊಡನೆ ಮತ್ತೆ ಮೊದಲಿಂದ ಶುರು. ಅವನು ಚೀಲದ ಮೇಲೆ ಕೂತುಬಿಟ್ಟ.

ಭಾನುವಾರ ರಂಜಿತಾ ನಮ್ಮ ಎಲೆ ಶೆಡ್ಡಿನ ಮುಂದೆಯೇ ಬಸ್ಸಿಳಿದಳು. ಮಲ್ಲಣ್ಣ ಕಾದಿದ್ದ.

"ಹೊರಗೆ ಕೇಳಿಸಲ್ಲ ಅಂದಿದ್ದೆ."

"ನಮ್ಮ ಮಾತು ಆಡೋರಿಗೆಲ್ಲಿ ತಿಳಿಯುತ್ತೆ ಹೆತ್ತಪ್ಪಾ? ಹಾವಿನ ಗುಡಿಗೆ ಭಯ ಹುಟ್ಟಿಸೋ ದನಿ ಬೇಕಿತ್ತು."

"ಕೊನೆ ಎಲ್ಲಿ? ಪಾಪ ಕಳೆದು ದಾಟಿಸೋದು?"

"ಅದು ಸಮಾಧಾನದ ರಾಗ, ಅಲ್ಲಿಗೆ ಹೊಂದಲಿಲ್ಲ. ಕತ್ತರಿಸಿದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನನಗೆ ಮೈಯೆಲ್ಲ ಉರಿಯಿತು. ಮಲ್ಲಣ್ಣ ಮಾತ್ರ ದನಿ ಏರಿಸಲಿಲ್ಲ.

"ಆ ಗುಡಿಗೆ ದಿನಕ್ಕೆ ಎಷ್ಟು ಜನ ಇಳೀತಾರೆ?"

"ಸಾವಿರಾರು ಜನ!" ಅವಳ ಮುಖ ಅರಳಿತು.

"ಹಾಗಾದರೆ ನಿನ್ನ ಹೆತ್ತೆ ಹಾಲಿಯನ್ನ ದಿನಾ ಸಾವಿರ ಸಲ ಎಬ್ಬಿಸಿ, ಪಾಪ ಹೊರಿಸಿ, ಸೇತುವೆ ಮುಂದೆ ನಿಲ್ಲಿಸ್ತಿದ್ದೀಯ. ದಾಟಿಸೋನು ನಾನೊಬ್ಬ. ಎಷ್ಟು ಸಲ ದಾಟಿಸಲಿ, ಮಗಳೇ?"