ಬಸ್ ಸ್ಟ್ಯಾಂಡಿನಲ್ಲಿ ನಾನು ಹೊಗಳಿದ ಹುಡುಗಿ

ಹಿರಿಯೂರು ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡೋದು ನನ್ನ ಕೆಲಸ. ಟಿ.ಬಿ. ಇದೆ ಅಂತ ಗೊತ್ತಾದರೆ ರೋಗಿಯ ಒಪ್ಪಿಗೆ ಕೇಳದೆಯೇ ಸರ್ಕಾರಕ್ಕೆ ತಿಳಿಸಬೇಕು, ಅದು ಕಾನೂನು. ಚಿಕಿತ್ಸೆ ನೋಡಿಕೊಳ್ಳೋರನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಬಾಯಿ ಬಿಡಬಾರದು. ಟ್ರೈನಿಂಗಿನಲ್ಲಿ ಇದನ್ನು ಹೇಳಿದಾಗ, ಇಷ್ಟೂ ಗೊತ್ತಿಲ್ವಾ ನಮಗೆ ಅಂತ ನಕ್ಕವಳು ನಾನು.

ಹರಿಯಬ್ಬೆ ಕಡೆಯ ಹುಡುಗಿಯೊಬ್ಬಳು ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದಳು. ಬಂದಾಗಲೆಲ್ಲ "ಅಕ್ಕಾ, ಯಾರಿಗೂ ಹೇಳ್ಬ್ಯಾಡ್ರಿ" ಅನ್ನೋಳು. "ಹುಚ್ಚಿ, ನಾನ್ಯಾಕೆ ಹೇಳ್ಲಿ" ಅಂತ ಬೈತಿದ್ದೆ. ಪೂರ್ತಿ ಗುಣವಾದ ದಿನ ತಮ್ಮ ಹೊಲದ ಕಡ್ಲೇಕಾಯಿ ತಂದು ನನ್ನ ಟೇಬಲ್ ಮೇಲೆ ಸುರಿದಿದ್ದಳು.

ಆಮೇಲೆ ಅವಳಿಗೆ ಹೊಸದುರ್ಗದ ಕಡೆಯಿಂದ ಗಂಡು ಬಂತು. ನಮ್ಮಲ್ಲಿ ಮಾತುಕತೆಗೆ ಮುಂಚೆ ಹುಡುಗಿ ಬಗ್ಗೆ ಸುತ್ತಲೂ ವಿಚಾರಿಸ್ತಾರೆ. ಮೇಷ್ಟ್ರು, ಅಂಗಡಿಯವರು, ಆಸ್ಪತ್ರೆಯವರು, ಯಾರನ್ನೂ ಬಿಡಲ್ಲ. ಹುಡುಗನ ಸೋದರತ್ತೆ ನನಗೂ ದೂರದ ಸಂಬಂಧ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಹುಡುಗಿ ಹೆಂಗವ್ವ? ನಿಮ್ಮ ಆಸ್ಪತ್ರೆಗೆ ಬರ್ತಿದ್ಳಂತಲ್ಲ?" ಅಂದರು. ನನಗೇನೂ ಗೊತ್ತಿಲ್ಲ ಅಂದಿದ್ದರೆ ಮುಗೀತಿತ್ತು. ನನ್ನ ಹಾಳು ಬಾಯಿ! ಎಲ್ಲ ಬಲ್ಲವಳೆಂಬ ಗತ್ತು ಬೇರೆ.

"ಬಂಗಾರದಂಥ ಹುಡುಗಿ ಕಣತ್ತೆ. ಟಿ.ಬಿ. ಮಾತ್ರೆ ಒಂದಿನಾನೂ ಬಿಡ್ಲಿಲ್ಲ. ಈಗ ಪೂರ್ತಿ ಗುಣ ಆಗೈತೆ" ಅಂದೆ. ಹೊಗಳಿದೆ ಅಂತಲೇ ಖುಷಿಯಾಗಿ ಬಸ್ಸು ಹತ್ತಿದೆ.

ಮೂರು ದಿನಕ್ಕೆ ಸಂಬಂಧ ಮುರೀತು. ವಾರದೊಳಗೆ ಊರಿಗೆಲ್ಲ ಕಾರಣ ಗೊತ್ತಾಯ್ತು, ಹೇಳಿದವಳು ಯಾರು ಅನ್ನೋದೂ ಗೊತ್ತಾಯ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನಮ್ಮವ್ವ ಬಡ್ಕೊಂಡಿದ್ದೇ ಬಂತು.

ಕಳೆದ ತಿಂಗಳು ಆ ಊರಿನ ಆಶಾ ಕಾರ್ಯಕರ್ತೆ ಬಂದು, "ಆ ಹುಡುಗಿ ತಾಯಿಗೆ ಮೂರು ವಾರದಿಂದ ಕೆಮ್ಮು. ಸೊರಗಿ ಹೋಗ್ಯಾಳೆ. ಆಸ್ಪತ್ರೆ ಅಂದ್ರೆ ಬರಲ್ಲ ಅಂತಾಳೆ" ಅಂದಳು. ಕಫದ ಡಬ್ಬಿ ಹಿಡಿದು ನಾನೇ ಹೋದೆ.

ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. "ತಪ್ಪಾಯ್ತು ಕಣೇ. ನಿಮ್ಮವ್ವನ್ನ ಒಂದ್ಸಲ ನೋಡ್ತೀನಿ" ಅಂದೆ. ನಾಚಿಕೆಗೆ ಅವಳ ಮುಖ ನೋಡೋಕೆ ಆಗಲಿಲ್ಲ.

"ನಮ್ಮನೇಲಿ ಯಾರಿಗೂ ಕೆಮ್ಮಿಲ್ಲ ಮೇಡಂ. ಹೋಗಿಬರ್ರಿ" ಅಂದಳು.

ಒಳಗೆ ಅವಳ ತಾಯಿ, ನನಗೆ ಕೇಳಿಸಬಾರದು ಅಂತ, ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದಳು.