ಜೋಳದ ಹೊಲಕ್ಕೊಂದು ದುರ್ಬೀನು

ಆ ದಿನವೂ ಐದಕ್ಕೇ ಎದ್ದೆ. ಬಚ್ಚಲೊಲೆಗೆ ತೊಗರಿಕಟ್ಟಿಗೆ ಒಟ್ಟಿ, ಯಜಮಾನರ ಡಬ್ಬಿಗೆ ನಾಲ್ಕು ಭಕ್ರಿ ಬಡಿದು, ಮಾವನವರಿಗೆ ಚಹಾ ಒಯ್ದರೆ ಅವರು ಕಟ್ಟೆಯ ಮೇಲೆ ಇರಲಿಲ್ಲ. ಮಿರಜದ ಹತ್ತಿರದ ಸಲಗರೆಯಲ್ಲಿ ನಮ್ಮ ಮನೆ ಹೊಲದ ಅಂಚಿಗೇ ಇದೆ. ಹಿಂದೆ ಹೋಗಿ ನೋಡಿದೆ, ಜೋಳದ ನಡುವೆ ಬ್ಯಾಟರಿ ಹಿಡಿದು ನಿಂತಿದ್ದರು. ಹೆಗ್ಗಣಗಳು ಮತ್ತೆ ಒಂದು ಸಾಲು ದಂಟು ಕಡಿದು, ತೆನೆಗಳನ್ನು ಬದುವಿನ ಬಿಲಗಳಿಗೆ ಎಳೆದೊಯ್ದಿದ್ದವು.

"ಇವತ್ತ ಸಂಜೀತನಕ ನೋಡತೇನಿ," ಎಂದರು ಮಾವನವರು, ಚಹಾದ ಬಟ್ಟಲಿಗೆ ಕೈ ಚಾಚುತ್ತ. "ಆಮ್ಯಾಲ ಔಷಧ ಇಡಾವನ."

ಔಷಧ ಎಂದರೆ ವಿಷ. ಹಿಂದಿನ ವರ್ಷ ಹಾಗೆ ಇಟ್ಟಾಗ, ಸತ್ತ ಹೆಗ್ಗಣ ತಿಂದು ನೆರೆಯ ಸಿದ್ದವ್ವನ ನಾಯಿ ಸತ್ತಿತ್ತು. ಅವರದು ಕುರಿ ಸಾಕುವ ಮನೆತನ. ಆ ನಾಯಿ ಅವರ ಕುರಿಗಳ ಜೊತೆಗೇ ಬೆಳೆದದ್ದು. ಜಗಳವೇನೂ ಆಗಲಿಲ್ಲ. ಆದರೆ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ಮೂರು ರಾತ್ರಿ ಕೂರುತ್ತಿದ್ದ ಅವರ ಕುರಿಗಳು ಆ ವರ್ಷ ಬೇರೆಯವರ ಹೊಲಕ್ಕೆ ಹೋದವು. ಸಿದ್ದವ್ವ ನೀರಿಗೆ ಹೋಗುವಾಗ ನಮ್ಮ ಬಾಗಿಲ ಮುಂದೆ ನಿಂತು, ಅತ್ತಿಗೆ ಎಂಬ ಸಲಿಗೆಯಲ್ಲಿ ‘ವೈನ್ಯಾರ’ ಎಂದು ಮಾತಾಡಿಸುವುದನ್ನೂ ಬಿಟ್ಟಳು. ಈಗ ಅವರಲ್ಲಿ ಹೊಸ ಮರಿನಾಯಿ ಇತ್ತು.

ಅದಕ್ಕೇ ನಾನು ಎಂಟು ದಿನದ ಗಡುವು ಬೇಡಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಗುರಿ ಹೊಡೆಯಲು ಕಲಿತಿದ್ದೆ, ಮನೆಯಲ್ಲಿ ಯಜಮಾನರ ಹಳೆಯ ಏರ್‌ಗನ್ ಇತ್ತು. ದಿನಾ ಸಂಜೆ ಬಂಡಿಯ ಮೇಲೆ ಕೂತು ಹೊಡೆದೆ. ಬದು ಅಲ್ಲಿಂದ ನಲವತ್ತು ಹೆಜ್ಜೆ. ಮಬ್ಬಿನಲ್ಲಿ ಹೆಗ್ಗಣ ಯಾವುದು, ಹೆಂಟೆ ಯಾವುದು ತಿಳಿಯದೆ ಏಳೂ ದಿನ ಹೆಂಟೆಗಳನ್ನೇ ಒಡೆದೆ. ಬಂದೂಕಿಗೊಂದು ದುರ್ಬೀನು ಬೇಕು, ಅದೂ ನಮ್ಮ ಕೈಗೆಟುಕುವಂಥದ್ದು ಎಂದು ಎಂಟನೆಯ ದಿನ ಸಾಂಗ್ಲಿಗೆ ಹೊರಟೆ.

ಜೊತೆಗೆ ಮಾವನವರ ತಮ್ಮ, ಅಪ್ಪಾಸಾಹೇಬ ಕಾಕಾ ಬಂದರು. ಅವರು ಮೂವತ್ತು ವರ್ಷ ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ದಲಾಲಿ ಮಾಡಿದವರು. ಚೌಕಾಸಿಗೆ ನಾನಿರಬೇಕು ಎಂದು ತಾವೇ ಧೋತರ ಉಟ್ಟು ಸಿದ್ಧರಾಗಿದ್ದರು. ಏರ್‌ಗನ್ನನ್ನು ಹಳೆಯ ಜಮಖಾನೆಯಲ್ಲಿ ಸುತ್ತಿ ಎಂಟರ ಬಸ್ಸು ಹತ್ತಿದೆವು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಕಂಡಕ್ಟರ್ ನಮ್ಮ ಗಂಟು ನೋಡಿ, ತಂಬೂರಿ ರಿಪೇರಿಗೆ ವಾದ್ಯ ಮಾಡುವವರ ಊರಾದ ಮಿರಜಕ್ಕೆ ಹೊರಟಿರೇನು ಎಂದು ಮರಾಠಿಯಲ್ಲಿ ಕೇಳಿದ. ಕಾಕಾ ಹೌದೆಂದರು. ಹಾಡುವವರು ಯಾರು ಎಂದು ಕೇಳಿದ್ದಕ್ಕೆ ನನ್ನ ಕಡೆ ಕೈ ತೋರಿಸಿದರು. ಮಿರಜ ಬರುವತನಕ ಅವನು ನನ್ನನ್ನು ಬಹಳ ಗೌರವದಿಂದ ನೋಡುತ್ತಿದ್ದ.

ಸಾಂಗ್ಲಿ, ಮಿರಜ, ಕುಪವಾಡ ಮೂರೂ ಸೇರಿ ಒಂದೇ ಮಹಾನಗರಪಾಲಿಕೆಯಾಗಿ ಇನ್ನೂ ಹೊಸದು. ಮಿರಜ ನಿಲ್ದಾಣದೆದುರು ಒಬ್ಬ ಪೇಂಟರ್ ಏಣಿ ಹತ್ತಿ ಹಳೆಯ ಫಲಕದ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದ. ಯಾವ ಊರಿನ ಹೆಸರು ಮೊದಲು ಬರಬೇಕೆಂದು ಕೆಳಗೆ ನಿಂತ ಇಬ್ಬರು ಅವನಿಗೆ ಹೇಳಿಕೊಡುತ್ತಿದ್ದರು. ಸಾಂಗ್ಲಿಗೆ ಹೋಗುವ ರಿಕ್ಷಾದವನು ತಲೆಗೆ ಐದು ರೂಪಾಯಿ ಕೇಳಿದ. ಈಗ ಎರಡೂ ಒಂದೇ ಊರಲ್ಲವೇನಪ್ಪ, ಕಡಿಮೆ ಮಾಡು ಎಂದರು ಕಾಕಾ.

"ಊರ ಒಂದಾತ್ರಿ ಕಾಕಾ," ಎಂದ ಅವನು ಕಿಕ್ ಹೊಡೆಯುತ್ತ, "ದಾರಿ ಗಿಡ್ಡ ಆಗಿಲ್ಲಲ್ಲ."

ಬಂದೂಕಿನ ಅಂಗಡಿ ಅರಿಶಿನ ಪೇಟೆಯ ಹಿಂದಿನ ಗಲ್ಲಿಯಲ್ಲಿತ್ತು. ಅಲ್ಲಿ ಗೋಡೆಗಳ ಬುಡಕ್ಕೂ ಹಳದಿ ಮೆತ್ತಿರುತ್ತದೆ. ಅಂಗಡಿಯ ಶೇಠರ ತಂದೆ ಅರಿಶಿನ ವ್ಯಾಪಾರಿ, ಕಾಕಾಗೆ ಪರಿಚಯದವರು. ಶೇಠರು ಗಾಜಿನ ಮೇಜಿನ ಮೇಲೆ ಮೂರು ದುರ್ಬೀನು ಇಟ್ಟರು. ಮೊದಲನೆಯದು ಬಲು ಅಗ್ಗ, ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಆ ಪೆಟ್ಟಿಗೆ ಇದರೊಳಗಿನ ಗುರಿ ಹಿಡಿಯುವ ಕೂದಲೆಳೆಯ ಗೆರೆ ತಿಂಗಳೊಳಗೆ ಕಡಿಯುತ್ತದೆ ಎಂದು ಅವರೇ ಬದಿಗೆ ಸರಿಸಿದರು. ಎರಡನೆಯದು ಹನ್ನೆರಡು ಪಟ್ಟಿನದು. ಮೂರನೆಯದು ಮೊಳದುದ್ದ, ಇಪ್ಪತ್ನಾಲ್ಕು ಪಟ್ಟು.

ಕಾಕಾ ಮೂರನೆಯದನ್ನೆತ್ತಿ ಅಂಗಡಿಯ ಬಾಗಿಲಿಗೆ ಹೋದರು. ರಸ್ತೆಯ ಆ ತುದಿಯಲ್ಲಿ ಪಾಲಿಕೆಯ ಹೊಸ ಫಲಕ ಬಿಸಿಲಿಗೆ ಹೊಳೆಯುತ್ತಿತ್ತು. ಮೂರೂ ಊರಿನ ಹೆಸರನ್ನು ಗಟ್ಟಿಯಾಗಿ ಓದಿದರು. ಕೆಳಗೆ ಸಣ್ಣಕ್ಷರದಲ್ಲಿದ್ದ ಪೇಂಟರನ ಹೆಸರನ್ನೂ ಓದಿದರು. ಇನ್ನೇನು ಬೇಕು? ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾನ ಹೆಗಲ ಮೇಲಿನ ಟವಲು ಅವರ ಕೈಮೇಲೆ ಬಿತ್ತು. ಶೇಠರ ಕೈ ಅದರ ಕೆಳಗೆ ಹೋಯಿತು. ಅರಿಶಿನ ಪೇಟೆಯ ರೂಢಿಯೇ ಅದು, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದೇ ದರ ಹೇಳುವುದು. ಇಬ್ಬರೂ ಛಾವಣಿ ನೋಡುತ್ತ ನಿಂತರು. ಟವಲು ಮಾತ್ರ ಉಸಿರಾಡುವಂತೆ ಏಳುತ್ತ ಬೀಳುತ್ತ ಇತ್ತು. ಕೊನೆಗೆ ಕಾಕಾ ಟವಲು ತೆಗೆದು ಮುಖ ಒರೆಸಿಕೊಂಡರು. ವ್ಯವಹಾರ ಮುಗಿದಿತ್ತು.

ಅಷ್ಟರಲ್ಲಿ ನಾನು ಕಾಕಾ ಮೇಜಿನ ಮೇಲಿಟ್ಟಿದ್ದ ಆ ದೊಡ್ಡ ದುರ್ಬೀನನ್ನು ಅಂಗಡಿಯ ಹಿಂಭಾಗಕ್ಕೆ ತಿರುಗಿಸಿದ್ದೆ. ಉದ್ದನೆಯ ಕತ್ತಲ ಗೋದಾಮಿನ ಕೊನೆಯಲ್ಲಿ ಗೋಣಿಚೀಲದ ಮೇಲೆ ಒಂದು ಬೂದು ಬೆಕ್ಕು ಮಲಗಿತ್ತು. ಬರಿಗಣ್ಣಿಗೆ ಕಾಣುವ ಬೆಕ್ಕು ದುರ್ಬೀನಿನೊಳಗೆ ಇರಲೇ ಇಲ್ಲ. ಬರೀ ಕಪ್ಪು, ನಡುವೆ ಒಂದು ಮಸುಕು. ಎರಡನೆಯದನ್ನು ಹಿಡಿದೆ. ನೋಟ ಹೊಂದಿಸುವ ಮುಂದಿನ ಬಳೆಯನ್ನು ಸ್ವಲ್ಪ ತಿರುಗಿಸಿದ್ದೇ ತಡ, ಬೆಕ್ಕಿನ ಮೀಸೆ ಎಣಿಸುವಷ್ಟು ಸ್ಪಷ್ಟವಾಯಿತು. ನಮ್ಮ ಹೆಗ್ಗಣಗಳು ಮಟಮಟ ಮಧ್ಯಾಹ್ನ ರಸ್ತೆಯ ತುದಿಯಲ್ಲಿ ನಿಲ್ಲುವವಲ್ಲ, ಸಂಜೆಯ ಮಬ್ಬಿನಲ್ಲಿ ನಲವತ್ತು ಹೆಜ್ಜೆಯಲ್ಲಿ ಬರುವವು. ನನಗೆ ಬೇಕಾದದ್ದು ಈ ನಡುವಿನದೇ ಎಂದು ಮೆಲ್ಲಗೆ ಹೇಳಿದೆ.

ಕಾಕಾನ ಮುಖ ಕೆಂಪಾಯಿತು. "ಟವಲ ತಗದ ಮ್ಯಾಲ ಮಾತ ಮುಗೀತವಾ. ಮೂವತ್ತ ವರ್ಷದಾಗ ಒಮ್ಮಿನೂ ತಿರುಗಿಲ್ಲ ನಾ."

ಕಾಕಾನ ಮಾತು ಉಳಿಸಿದರೆ ಸಂಜೆಗೆ ವಿಷ. ನಾಯಿ ಉಳಿಸಿದರೆ ಕಾಕಾ ಆ ಪೇಟೆಯಲ್ಲಿ ತಲೆ ತಗ್ಗಿಸಬೇಕು. ಆದರೂ ನಡುವಿನ ದುರ್ಬೀನನ್ನು ಕೈಯಿಂದ ಬಿಡಲಿಲ್ಲ. ಶೇಠರು ನನ್ನನ್ನೂ ಬೆಕ್ಕನ್ನೂ ನೋಡಿದರು. ಅರ್ಧ ಮರಾಠಿ ಅರ್ಧ ಕನ್ನಡದವರು, ಈ ಮಾತನ್ನು ಮಾತ್ರ ಪೂರ್ತಿ ಕನ್ನಡದಲ್ಲೇ ಆಡಿದರು: "ಬ್ಯಾರೆ ಮಾಲಿಗೆ ಬ್ಯಾರೆ ಟವಲು ಹಾಕೂಣ ಕಾಕಾ. ಮಾತ ತಿರುಗಿದ್ದು ಎಲ್ಲಿ ಬಂತ್ರಿ?"

ಶೇಠರು ದೊಡ್ಡದನ್ನು ಕಪಾಟಿಗೆ ಎತ್ತಿಟ್ಟರು, ಕಾಕಾ ಮೇಜಿನ ಹತ್ತಿರ ಸರಿದರು. ಆಮೇಲೆ ಟವಲು ಮತ್ತೆ ಬಿತ್ತು. ಒಂದೇ ದಿನ ಎರಡು ಸಲ ಚೌಕಾಸಿ ಮಾಡುವ ಯೋಗ ಅವರಿಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ, ಮುಖ ಅರಳಿತ್ತು. ಎರಡೂವರೆ ಸಾವಿರಕ್ಕೆ ಮುಗಿಸಿದ್ದನ್ನು ಹೊರಗೆ ಬಂದ ಮೇಲೆ ಕಿವಿಯಲ್ಲಿ ಹೇಳಿದರು. ಹೊಲಿಗೆಯಿಂದ ನಾನು ಕೂಡಿಸಿದ್ದರೊಳಗೇ ಆಯಿತು.

ಅಲ್ಲಿಂದ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಗೆ ಹೋದೆವು. ಯಜಮಾನರು ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಫೋರ್‌ಮನ್. ಊಟದ ಬಿಡುವಿನಲ್ಲಿ ದುರ್ಬೀನನ್ನು ಬಂದೂಕಿಗೆ ಕೂರಿಸಿ, ಒದೆತಕ್ಕೆ ಹಿಂದೆ ಜಾರದಂತೆ ಒಂದು ಉಕ್ಕಿನ ಪಿನ್ನು ಹಾಕಿಕೊಟ್ಟರು. ಹಿತ್ತಲಲ್ಲಿ ಮಣ್ಣಿನ ದಿಬ್ಬಕ್ಕೆ ಚುಕ್ಕೆ ಬರೆದ ರಟ್ಟಿನ ಖೋಕಿ ಒರಗಿಸಿ ನಲವತ್ತು ಹೆಜ್ಜೆಯಿಂದ ಹೊಡೆದು ಗುರಿ ಸರಿಪಡಿಸಿಕೊಂಡೆ. ಹತ್ತನೆಯ ಛರ್ರೆಗುಂಡು ನಡುವಿನ ಚುಕ್ಕೆಗೆ ಬಿತ್ತು. ಖಾನಾವಳಿಯ ಝುಣಕ ಖಾರವಾಗಿತ್ತು, ಕಾಕಾ ಎರಡು ಸಲ ಹಾಕಿಸಿಕೊಂಡರು.

ಮಿರಜದಿಂದ ಮೂರೂವರೆಯ ಬಸ್ಸು. ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಮಾವನವರು ವಿಷದ ಪುಡಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಬಂಡಿಯ ಮೇಲೆ ಆಗಲೇ ಕೂತಿದ್ದರು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ಅವರ ಬದಿಗೆ ಕೂತೆ. ಬೆಳಕು ಬೂದಿಯ ಬಣ್ಣಕ್ಕೆ ತಿರುಗಿದಾಗ ಬದುವಿನಲ್ಲಿ ಒಂದು ಹೆಂಟೆಗೆ ಕಿವಿ ಇರುವುದು ಕಂಡಿತು. ಉಸಿರು ಹಿಡಿದು ಹೊಡೆದೆ. ಕತ್ತಲಾಗುವಷ್ಟರಲ್ಲಿ ಮೂರು ಬಿದ್ದವು. ಮಾವನವರು ಪುಡಿಕೆಯನ್ನು ಕಿಸೆಗೆ ಹಾಕಿಕೊಂಡು, ನಾಳೆ ಅಂಗಡಿಯವನು ವಾಪಸು ತಗೊಂಡಾನೋ ಇಲ್ಲವೋ ಎಂದಷ್ಟೇ ಗೊಣಗಿದರು.

ಸತ್ತವನ್ನು ಸಲಿಕೆಯಲ್ಲಿ ಎತ್ತಿ ಹೂಳಲು ಹೊರಟಾಗ ಸಿದ್ದವ್ವ ಬದುವಿನ ಆಚೆಯಿಂದ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. ಮರಿನಾಯಿ ಅವಳ ಕಾಲಲ್ಲೇ ಸುಳಿಯುತ್ತಿತ್ತು. ಸಲಿಕೆಯ ಕಡೆ ನೋಡಿದಳು, ನನ್ನ ಹೆಗಲ ಬಂದೂಕು ನೋಡಿದಳು, ನಡಿಗೆ ನಿಲ್ಲಿಸಲಿಲ್ಲ.

"ಹೂಳತೀರೇನ ವೈನ್ಯಾರ?" ಎಂದಳು. "ಇತ್ತಾಗ ಒಗೀರಿ, ನಮ್ಮ ನಾಯಿ ತಿಂತೈತಿ."