ಬಳೆಗಾರ್ತಿಯ ಮಾಳಿಗೆ

ಲಾಡಬಿ ಚಾಚಿಯ ದನಿ ಮೊದಲು ಬರುತ್ತಿತ್ತು, ಅವಳು ಆಮೇಲೆ. ಕಮತಗಿಯ ನಮ್ಮ ಓಣಿಯ ಆ ತುದಿಯಲ್ಲಿ ಅವಳು "ಬಳಿ ಬಂದಾವ್ರೇ ಯವ್ವಾ" ಎಂದಳೆಂದರೆ ಈ ತುದಿಯಲ್ಲಿ ನನ್ನ ಹೊಲಿಗೆ ಮಷೀನು ನಿಲ್ಲುತ್ತಿತ್ತು. ಹೆಗಲ ಮೇಲೆ ಬಳೆಯ ಮಲಾರ, ಕಂಕುಳಲ್ಲಿ ರಟ್ಟಿನ ಡಬ್ಬಿಗಳು. ರಾಮಥಾಳದಿಂದ ಹುನಗುಂದದವರೆಗೆ ಅವಳು ಕಾಲಿಡದ ಅಂಗಳ ಇರಲಿಲ್ಲ. ಯಾವ ಮನೆಯ ಸೊಸೆಗೆ ಎಂಥ ಅಳತೆ, ಯಾವ ಮನೆಯ ಅತ್ತೆಗೆ ಎಂಥ ನಾಲಿಗೆ, ಎಲ್ಲ ಅವಳಿಗೆ ಬಾಯಿಪಾಠ.

ಬಿಗಿ ಬಳೆ ಇಡುವಾಗ ಅವಳು ಕೈಯನ್ನು ಹಿಟ್ಟು ನಾದಿದ ಹಾಗೆ ನಾದುತ್ತಿದ್ದಳು. ನಾನು ಹಲ್ಲು ಕಚ್ಚಿದರೆ, ಪಕ್ಕದಲ್ಲೇ ಕೂತಿರುತ್ತಿದ್ದ ನನ್ನ ಅತ್ತೆ ರಂಗವ್ವನಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದಳು.

"ಅತ್ತಿ ಮ್ಯಾಲಿನ ಸಿಟ್ಟೆಲ್ಲಾ ಕೈಯಾಗ ಇಟ್ಟಗೊಂಡ್ರ ಬಳಿ ಏರೂದಿಲ್ಲ ನೋಡ ಜಯವ್ವಾ. ಬಿಟ್ಟುಬಿಡು."

ಒಮ್ಮೊಮ್ಮೆ ಬಳೆ ಒಡೆಯುತ್ತಿತ್ತು. ಆದರೆ ಒಡೆಯಿತು ಎನ್ನುವ ಮಾತನ್ನು ಅವಳು ಯಾರ ಬಾಯಲ್ಲೂ ಬರಗೊಡುತ್ತಿರಲಿಲ್ಲ. ಮುತ್ತೈದೆಯ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹಾಗೆಂದು ನಮಗೆ, ಬೀರಪ್ಪನ ಒಕ್ಕಲಿನವರಿಗೆ, ಒಬ್ಬ ಮುಸಲ್ಮಾನರ ಹೆಂಗಸು ಕಲಿಸುತ್ತಿದ್ದಳು.

ಅವಳ ಗಂಡ ಚಾಂದಸಾಬ ಗೌಂಡಿ. ಊರಿನ ಅರ್ಧ ಮನೆಗಳ ಸ್ಲ್ಯಾಬು ಅವನ ಕರಣಿಯ ಕೆಳಗೆ ಸಪಾಟಾದವು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅವನ ಸ್ವಂತ ಮಾಳಿಗೆಗೆ ಮಾತ್ರ ಇಳಿಜಾರು ಇದ್ದೂ ಇಲ್ಲದಂತೆ. ನೀರು ಹೊರಬೀಳಲು ಬೀದಿಯ ಕಡೆ ಒಂದೇ ಕೊಳವೆ. ಅದರ ಬಾಯಿಗೆ ಬೇವಿನ ಎಲೆ ಕೂತರೆ ಸಾಕು, ನೀರು ನಿಲ್ಲುತ್ತಿತ್ತು. ನಿಂತ ನೀರಿಗೆ ಹಸಿರು ಹಾವಸೆ ಬರಲು ಕರೆಯೋಲೆ ಬೇಕೇ? ಅದಕ್ಕೇ ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಅವನು ಮೇಲೆ ಹತ್ತಿ ಹಾವಸೆ ಕೆರೆದು, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಕೊಳವೆಗೆ ಸಲಾಕೆ ತೂರಿಸಿ, ಸುಣ್ಣ ಬಳಿದು ಇಳಿಯುತ್ತಿದ್ದ. ಚಾಚಿ ಮೆಟ್ಟಿಲ ಮೇಲೆ ನಿಂತು ನೀರು ಕೊಡುತ್ತ, ಊರಿಗೆಲ್ಲ ಇಳಿಜಾರು ಹಂಚಿ ಬಂದವನೆಂದು ಅವನನ್ನು ಕಾಡುತ್ತಿದ್ದಳು.

ಈ ವರ್ಷ ಬೇಸಿಗೆಯ ಬಿಸಿಲು ಇನ್ನೂ ಇರುವಾಗಲೇ, ಯಾರದೋ ಮನೆಯ ಸ್ಲ್ಯಾಬಿನ ಮೇಲೆ ಎದೆ ಹಿಡಿದುಕೊಂಡು ಕೂತ ಚಾಂದಸಾಬ ಮತ್ತೆ ಏಳಲಿಲ್ಲ.

ಚಾಚಿ ಇದ್ದತ್ ಕೂತಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಸಿಂಗರಿಸಿಕೊಳ್ಳಬಾರದು, ಪರಗಂಡಸರ ಕಣ್ಣಿಗೆ ಬೀಳಬಾರದು. ಅದು ಅವರ ಧರ್ಮ, ನಾನು ಮಾತಾಡುವುದಿಲ್ಲ. ಆದರೆ ನಮ್ಮ ಓಣಿ ಅದಕ್ಕೆ ತನ್ನದೊಂದು ಬಾಲ ಜೋಡಿಸಿತ್ತು. ಇದ್ದತ್ತಿನಲ್ಲಿ ಇರುವವಳು ಮುಗಿಲಿಗೂ ಮುಖ ತೋರಿಸಬಾರದಂತೆ. ಅದು ಯಾವ ಕಿತಾಬಿನಲ್ಲಿದೆಯೋ ನನಗೆ ಗೊತ್ತಿಲ್ಲ, ಎದುರು ಮನೆಯಲ್ಲಿರುವ ಮೈದುನ ಫಾರೂಕನ ಬಾಯಲ್ಲಂತೂ ಇತ್ತು. ಹಾಗಾಗಿ ಅವಳಿಗೆ ಅಂಗಳವೂ ಇಲ್ಲ, ಮಾಳಿಗೆಯೂ ಇಲ್ಲ. ಮಧ್ಯಾಹ್ನ ಎಂದೂ ಮನೆಯಲ್ಲಿ ಉಂಡು ಗೊತ್ತಿಲ್ಲದವಳಿಗೆ ಎರಡು ಕೋಣೆ ಉಳಿದವು.

ನಮ್ಮ ಎರಡು ಮನೆಗೂ ನಡುಗೋಡೆ ಒಂದೇ. ಅದರಲ್ಲಿ ಒಂದು ಬೆಳಕಿಂಡಿ ಇದೆ. ನಾವು ಮಾತಾಡುತ್ತಿದ್ದುದು ಅದರಲ್ಲೇ.

"ಜಯವ್ವಾ, ಹೊರಗ ಮಾಡ ಹಾಕ್ಯಾವೇನ?"

"ಹಾಕ್ಯಾವ ಚಾಚಿ."

"ಮಳಿ ಆದ್ರ ಒಂಚೂರು ಹೇಳವಾ. ಇಲ್ಲಿ ನನಗ ಮಳಿ ಗೊತ್ತಾಗೂದು ಅದು ಸೋರಿದ ಮ್ಯಾಲೆ."

ಸೋರತೊಡಗಿತ್ತು. ಮಾಳಿಗೆಯ ಮೆಟ್ಟಿಲಿರುವ ಹಿಂದಿನ ಕೋಣೆಯಲ್ಲೇ ಅವಳ ಬಳೆಯ ಡಬ್ಬಿಗಳು. ಶ್ರಾವಣಕ್ಕೆಂದು ತಂದ ಮಾಲು, ಕಟ್ಟು ಬಿಚ್ಚುವ ಮೊದಲೇ ಗಂಡ ಹೋಗಿದ್ದ. ನೀರು ಬಿದ್ದರೆ ಬಳೆಯ ಮೇಲಿನ ಬೇಗಡೆ, ಬಣ್ಣ ಬಿಡುತ್ತವೆ. ಅವಳ ಬಂಡವಾಳವೆಲ್ಲ ಆ ಮಾಲೇ. ಅದು ಉಳಿದರೆ ಇದ್ದತ್ ಮುಗಿದ ಮೇಲೆ ಮತ್ತೆ ಮಲಾರ ಹೊತ್ತು ಊರು ತಿರುಗುತ್ತಾಳೆ, ಹೋದರೆ ಫಾರೂಕನ ಮನೆಯ ಒಲೆಯ ಮುಂದೆ ಕೂರುತ್ತಾಳೆ. ಇದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಮಾಳಿಗೆಯಿಂದ ಬಗ್ಗಿ ನೋಡಿದೆ. ಸ್ಲ್ಯಾಬೇ ಕಾಣದಂತೆ ಹಸಿರು, ನಡುವೆ ಕೆರೆಯ ಹಾಗೆ ನೀರು. ನೋಡಲು ಚೆಂದವಾಗಿಯೇ ಇತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಎದುರು ಮನೆಯ ಮುಂಭಾಗದಲ್ಲೇ ಇರುವ ಫಾರೂಕನ ಟೈರಿನ ಅಂಗಡಿಗೆ ಹೋದೆ.

"ಯಾರನ್ನರ ಮ್ಯಾಲೆ ಹತ್ತಸ್ರಿ ಅಣ್ಣಾ. ನೀರು ತುಂಬೇತಿ."

"ಹ್ಯಾಂಗ ಹತ್ತಸ್ಲೆವಾ? ಮೆಟ್ಟಲಾ ಒಳಗೈತಿ. ಪರಗಂಡಸು ಭಾಭಿ ಕುಂತ ಖೋಲಿ ದಾಟಿ ಹೋಗಾಕ ಬರ್ತೈತೇನು? ನಾನೂ ಹೋಗಂಗಿಲ್ಲ. ಇದ್ದತ್ ಮುಗೀಲಿ."

"ನಮ್ಮ ಮಾಳಗಿ ಮ್ಯಾಲಿಂದ ಇಳೀಲಿ."

"ಅಲ್ಲಿ ಇಳದ್ರೂ ಮೆಟ್ಟಲ ಬಾಗಲದಾಗಿಂದ ಖೋಲಿ ಕಾಣತೈತಿ. ಬ್ಯಾಡ."

"ಬಳಿ ಎಲ್ಲಾ ತೊಯ್ತಾವಲ್ರಿ!"

"ತೊಯ್ಲಿ ಬಿಡು. ಇನ್ನ ಮ್ಯಾಲೆ ಅವರಿಗೆ ಬಳಿ ಯಾಕ? ಉಣ್ಣಾಕ ಹಾಕಾಕ ನಾ ಇಲ್ಲೇನು? ನಮ್ಮಣ್ಣನ ಹೆಂಡತಿ ಓಣಿ ಓಣಿ ತಿರಗೂದು ಸಾಕು." ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ನನಗೆ ದಿಗಿಲಾದದ್ದು ಆಗಲೇ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಬರಬಹುದಿತ್ತು. ಪ್ರೀತಿಯಿಂದ ಕಟ್ಟಿಹಾಕುವವನಿಗೆ ಏನು ಹೇಳುವುದು?

ಮನೆಗೆ ಬಂದರೆ ಅತ್ತೆ ಅವನ ಪಾರ್ಟಿ. "ಅಂವಾ ಹೇಳೂದ್ರಾಗ ತಪ್ಪೇನೈತಿ? ಆ ಡಬ್ಬಿ ಈ ಮನಿಗೂ ತರಬ್ಯಾಡ. ಖಾಲಿ ಕೈಲೆ ಆಕಿ ಮುತ್ತೈದೇರಿಗೆ ಬಳಿ ಇಡಾಕ ಬರ್ತಾಳ? ಯಾರು ಇಡಸ್ಕೊಂತಾರ?"

"ನಾ ಇಡಸ್ಕೊಂತೇನಿ."

"ನಿನ್ನ ಗಂಡನ್ನ ನಾ ಹಡದೇನಿ. ಕೈ ನಿನ್ನದಾದ್ರೂ ಬಳಿ ಅವನ ಹೆಸರಿಂದು." ನಾನು ರೊಟ್ಟಿ ಬಡಿದ ಸದ್ದು ಆ ದಿನ ಚಾಚಿಗೂ ಕೇಳಿಸಿತಂತೆ.

ಮಳೆ ಹಿಡಿಯಿತು. ಚಾಚಿ ಡಬ್ಬಿಗಳನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೊತ್ತು ಹಾಕುತ್ತಿದ್ದಳು. ಒಣಗಿದ ಜಾಗ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಒಂದು ಮಧ್ಯಾಹ್ನ ಕಿಂಡಿಯಲ್ಲಿ ಹೇಳಿದಳು, "ಈಗ ಎರಡೂ ಖೋಲಿ ಸೇರಿ ಒಂದ ಮೂಲಿ ಉಳದೈತಿ ಜಯವ್ವಾ. ಡಬ್ಬಿ ಕೂಡ್ಸಿ ನಾ ನಿಂತೇನಿ." ಅವಳ ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆನೋ ಏನೋ.

ನನ್ನ ಗಂಡ ಬೀರೇಶ, ಮಾವ ಇಬ್ಬರೂ ಕುರಿ ಹೊಡೆದುಕೊಂಡು ಹೋಗಿದ್ದರು. ಕುರ್ಪಿ ತೆಗೆದುಕೊಂಡು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನಮ್ಮ ಮಾಳಿಗೆಯಿಂದ ಅವಳ ಮಾಳಿಗೆಗೆ ಇಳಿದೆ. ಹೆಂಗಸು ಇಳಿಯಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ಕುರ್ಪಿ ತೂರಿಸಿದರೆ ಹಾವಸೆ ಹಂಚಿನಿಂದ ರೊಟ್ಟಿ ಎದ್ದ ಹಾಗೆ ಅಗಲಗಲವಾಗಿ ಏಳುತ್ತಿತ್ತು. ಕೆಳಗೆ ಮೆಟ್ಟಿಲ ಬುಡದಲ್ಲಿ ಚಾಚಿಗೆ ಸದ್ದು ಕೇಳಿತು.

"ಯಾರದು? ಜಯವ್ವಾ? ಮೊದಲ ಕೊಳವಿ ಬಾಯಿ ಬಿಡಸು! ಬೂದಿ ಉಗ್ಗಿ ಕಾಲಿಡು, ಹಾವಸಿ ಯಾರ್ನೂ ಬಿಡೂದಿಲ್ಲ!"

ನಾನು ಬೂದಿಯನ್ನೂ ಉಗ್ಗಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ಕೊಳವೆಗೆ ಇನ್ನೊಂದು ಮಾರು ಇದ್ದಾಗ ಕಾಲು ಜಾರಿತು. ಬಲಗೈ ಊರಿ ಬಿದ್ದೆ. ಮೊದಲು ಬಳೆಯ ಸದ್ದು ಕೇಳಿತು, ಆಮೇಲೆ ಮೂಳೆಯದು. ಅದೇ ಹೊತ್ತಿಗೆ ಮಳೆಯೂ ಬಂತು. ಏಳಲು ಹೋದರೆ ಕೈ ನನ್ನದಲ್ಲ, ಕಾಲು ಹಾವಸೆಯದು. ಯವ್ವಾ ಎಂದು ಅರಚಿದೆ.

ಮೆಟ್ಟಿಲ ಬಾಗಿಲು ತೆರೆಯಿತು. ತಿಂಗಳುಗಟ್ಟಲೆ ಬಿಸಿಲು ಕಾಣದ ಮುಖ, ಹಿಟ್ಟಿನ ಹಾಗೆ ಬೆಳ್ಳಗೆ. ಅವಳು ಕೊನೆಯ ಮೆಟ್ಟಿಲ ಮೇಲೆ, ಚೌಕಟ್ಟಿನ ಕೆಳಗೆ ನಿಂತಳು. ಮುಂದೆ ಮುಗಿಲು. ಒಂದು ಕಾಲು ಎತ್ತಿದಳು, ಮತ್ತೆ ಅಲ್ಲೇ ಇಟ್ಟಳು. ನನಗೆ ನೋವಿಗಿಂತ ಸಿಟ್ಟು ಹೆಚ್ಚಾಯಿತು. ಊರೂರು ತಿರುಗಿದ ಈ ಹೆಂಗಸನ್ನು ಒಂದು ಹೊಸ್ತಿಲಿಗೆ ಇಷ್ಟು ಅಂಜುವ ಹಾಗೆ ಮಾಡಿದರಲ್ಲ ಎಂದು.

"ಯಾ ಅಲ್ಲಾ," ಎಂದಳು. ಬಂದಳು. ಬರಿಗಾಲಲ್ಲಿ, ಅಡ್ಡಡ್ಡ ಹೆಜ್ಜೆ ಇಡುತ್ತ, ಚಾಂದಸಾಬ ನಡೆಯುತ್ತಿದ್ದ ಹಾಗೆಯೇ ಬಂದಳು.

"ಎಷ್ಟು ಹೆಚ್ಚಿದಾವು?" ಎಂದು ಮೊದಲು ಕೇಳಿದ್ದು ಬಳೆಯನ್ನೇ. ಕೈಯಲ್ಲಿ ಇನ್ನೂ ಕೆಲವು ಉಳಿದಿದ್ದವು. "ಕೈ ಊದೂದ್ರೊಳಗ ಇವನ್ನ ತಗೀಬೇಕು, ಇಲ್ಲಂದ್ರ ಮಾಂಸದಾಗ ಕುಂದರತಾವು. ತಡಕೋ." ಮಳೆಯ ನೀರೇ ಎಣ್ಣೆ ಎಂಬಂತೆ ಒಂದೊಂದಾಗಿ ಜಾರಿಸಿದಳು. ಜೀವ ಹೋಗುವಂತಾಯಿತು. ಕೊನೆಯದರ ಹೊತ್ತಿಗೆ ಕಿವಿಯಲ್ಲಿ ಹೇಳಿದಳು, "ಅತ್ತಿ ಮ್ಯಾಲಿನ ಸಿಟ್ಟು ಬಿಡು." ಅಳುತ್ತಿದ್ದವಳು ನಕ್ಕುಬಿಟ್ಟೆ, ಬಳೆ ಬಂತು.

ಆ ಹೊತ್ತಿಗೆ ರಂಗವ್ವ ನಮ್ಮ ಮಾಳಿಗೆಯ ಅಂಚಿಗೆ ಬಂದಿದ್ದಳು. ಕೆಳಗೆ ಬೀದಿಯಲ್ಲಿ ಫಾರೂಕ.

"ಭಾಭಿ! ಒಳಗ ನಡೀರಿ! ಮುಗಲ ಕೆಳಗ ನಿಂತೀರಿ!"

ಚಾಚಿ ನನ್ನನ್ನು ಎಬ್ಬಿಸಿ ಮೆಟ್ಟಿಲ ಮೇಲೆ ಕೂರಿಸಿದಳು. ಒಳಗೆ ಹೋಗಲಿಲ್ಲ. ತಿರುಗಿ ಹೋಗಿ ಕೊಳವೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಎಲೆ, ಗರಿ, ಹಾವಸೆಯ ಗಂಟನ್ನು ಎಳೆದು ಬಿಸಾಡಿದಳು. ಮಾಳಿಗೆಯ ಕೆರೆ ಧೋ ಎಂದು ಬೀದಿಗೆ ಬಿತ್ತು. ಫಾರೂಕ ಹಿಂದಕ್ಕೆ ಜಿಗಿದ.

"ಮುಗಲ ನೋಡೇನಿ ಫಾರೂಕ, ಓಣಿಗೆಲ್ಲಾ ಹೇಳು. ಮೊದಲ ಒಂದು ಆಟೋ ತಾ, ಈ ಹುಡಿಗಿ ಕೈ ಮುರದೈತಿ."

ಅವನು ಆಟೋ ತಂದ. ಅವಳು ಬಾಗಿಲು ಹಾಕಿಕೊಂಡು ಒಳಗೆ ಹೋದಳು. ಉಳಿದ ದಿನಗಳನ್ನು ಹಾಗೆಯೇ ಕೂತು ಕಳೆದಳು, ಗಂಡನಿಗಾಗಿ ಕೂತದ್ದು, ಮೈದುನನಿಗಾಗಿ ಅಲ್ಲ ಎಂದಳು. ಬಳೆಗಳಲ್ಲಿ ಕೆಲವು ಡಬ್ಬಿ ಹಾಳಾದವು, ಬಹಳಷ್ಟು ಉಳಿದವು.

ನನ್ನ ಕೈಯ ಪ್ಲಾಸ್ಟರ್ ತೆಗೆದ ಮೇಲೆ ಅವಳ ಇದ್ದತ್ ಮುಗಿಯಿತು. ಬೆಳಗ್ಗೆ ಅವಳ ಬಾಗಿಲು ತೆರೆಯಿತು. ನಾನು ಮಷೀನಿನ ಮುಂದೆ ಕಿವಿಗೊಟ್ಟು ಕೂತೆ. ಸಂಜೆಯಾಯಿತು, ದನಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಕಿಂಡಿಗೆ ಹೋದೆ.

"ಬಾಗಲಾ ತಗದೈತಿ ಚಾಚಿ. ಯಾಕ ಕುಂತಿ?"

"ಹೋಗೂದೆಲ್ಲಿಗೆ? ಮಾಳಗಿ ಹಾವಸಿ ಕೆರದ್ರ ಹೋತು. ಈ ಕೈ ಏನ ಮಾಡ್ಲಿ?" ಕಿಂಡಿಗೆ ಎರಡೂ ಕೈ ಎತ್ತಿ ಹಿಡಿದಳು. ಬರೀ ಕೈ. "ಯಾ ಮುತ್ತೈದಿ ಮುಂದ ಇದನ್ನ ಚಾಚಲಿ? ಫಾರೂಕನ್ನ ದಾಟತೇನಿ. ಇದನ್ನ ಹ್ಯಾಂಗ ದಾಟಲಿ?"

"ನನ್ನ ಕೈ ಹಿಡಿ."

"ನೀ ಕೊಡ್ತಿ. ನಿಮ್ಮತ್ತಿ ಕೊಡಸ್ತಾಳೇನು?"

ನನ್ನ ಹಿಂದೆ ಪಾತ್ರೆ ಇಟ್ಟ ಸದ್ದಾಯಿತು. ತಿರುಗಿ ನೋಡಿದರೆ ರಂಗವ್ವ ಇರಲಿಲ್ಲ. ಬೀದಿಗೆ ಓಡಿದೆ. ಅವಳು ಸೆರಗು ಹೊದ್ದು, ಫಾರೂಕನ ಅಂಗಡಿಯ ಮುಂದೆಯೇ ಹಾದು, ಲಾಡಬಿಯ ಹೊಸ್ತಿಲಲ್ಲಿ ಕಾಲು ಮಡಿಚಿ ಕೂತಿದ್ದಳು. ಓಣಿಯೆಲ್ಲ ಬಾಗಿಲಿಗೆ ಬಂತು.

"ಲಾಡಬಿ! ನನ್ನ ಸೊಸಿ ಕೈ ಹಿಡದ ಕೈ ತಾ ಇಲ್ಲಿ. ಬಳಿ ಇಡು."

ಚಾಚಿ ಒಳಗಿನಿಂದ ಡಬ್ಬಿ ತಂದಳು. ರಟ್ಟಿನ ಮೇಲೆ ನೀರಿನ ಕಲೆ. "ಯಾವ ಬಣ್ಣ ರಂಗಕ್ಕಾ?" ಎಂದ ದನಿ ನಮ್ಮ ಓಣಿ ಕೇಳಿದ ದನಿಯಲ್ಲ.

"ಹಸರ. ಮತ್ತ್ಯಾವ್ದು?"

ರಂಗವ್ವನ ಕೈ ಕುರಿ ಕಾದ ಕೈ, ಗಟ್ಟಿ. ಚಾಚಿ ಅದನ್ನು ಹಿಟ್ಟಿನ ಹಾಗೆ ನಾದದೆಯೇ ಬಳೆ ಏರಿಸಿದಳು. ಮೊದಲ ಬಳೆ ಗೆಣ್ಣಿನವರೆಗೆ ಏರಿತು. ಚಟ್ ಎಂದು ಒಡೆಯಿತು.

ಚಾಚಿ ರಂಗವ್ವನ ಕೈ ಬಿಟ್ಟು ಹಿಂದೆ ಸರಿದಳು. ಇನ್ನು ಅವಳು ಈ ಬಾಗಿಲಿನಿಂದ ಎಂದೂ ಹೊರಗೆ ಬರುವುದಿಲ್ಲ ಎಂದು ನನಗೆ ಅನಿಸಿತು, ಕಣ್ಣು ಮುಚ್ಚಿಕೊಂಡೆ.

"ಹೆಚ್ಚಿತು," ಎಂದಳು ರಂಗವ್ವ. ಇಡೀ ಓಣಿಗೆ ಕೇಳುವಂತೆ ಎಂದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. "ಇನ್ನೊಂದು ತಗಿ."